ಬಂಗಲೆ ಡ್ಯೂಟಿ

"ಮೀನೇ..." ಎಂದು ಗೇಟಿನ ಹೊರಗಿನಿಂದ ಕೂಗಿದ ಮಾಸ್ತಮ್ಮ ಅರ್ಧದಲ್ಲೇ ನಿಲ್ಲಿಸಿದಳು. ಕುಮಟೆಯ ಸಾಹೇಬರೊಬ್ಬರ ಬಂಗಲೆಯ ಹಿತ್ತಿಲಲ್ಲಿ, ಹರಿದ ಬನಿಯನ್, ಮೊಣಕಾಲ ತನಕ ಮಡಚಿದ ಪ್ಯಾಂಟಿನಲ್ಲಿ ನಿಂತು, ಯಾರದೋ ಸೀರೆಯನ್ನು ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದವನು ಅವಳ ಮಗ ಭಾಸ್ಕರ.

ಭಾಸ್ಕರ ಪೊಲೀಸ್. ಮಂಕಿ ಊರಿನ ಅವರ ಕೇರಿಯಲ್ಲಿ ಖಾಕಿ ತೊಟ್ಟವರಲ್ಲಿ ಮೊದಲನೆಯವನು. ದೋಣಿ ಎಳೆಯುವ ಕಡಲದಂಡೆಯ ಹೊಯ್ಗೆಯ ಮೇಲೆ ಬೆಳಗಾದರೆ ಓಡಿ, ಒಂದು ಸಲ ಲಿಖಿತ ಪರೀಕ್ಷೆಯಲ್ಲಿ ಬಿದ್ದು, ಮತ್ತೆ ಓದಿ ಆಯ್ಕೆಯಾದವನು. ಟ್ರೇನಿಂಗ್ ಮುಗಿಸಿ ಬಂದ ದಿನ ಯೂನಿಫಾರ್ಮಿನಲ್ಲೇ ಮೀನುಪೇಟೆಗೆ ಬಂದು ಅವಳ ಬುಟ್ಟಿಯ ಪಕ್ಕ ನಿಂತಿದ್ದ. ಆ ಹೊತ್ತು ಅವಳ ಹತ್ತಿರ ಯಾರೂ ಚೌಕಾಸಿ ಮಾಡಿರಲಿಲ್ಲ. ಈಗ ಸಶಸ್ತ್ರ ಪಡೆಯಲ್ಲಿದ್ದೇನೆ, ದೊಡ್ಡ ಸಾಹೇಬರ ಜೊತೆಗೇ ಡ್ಯೂಟಿ, ಅವರು ಹೋದಲ್ಲಿ ಹೋಗಬೇಕು, ರಜೆ ಸಿಗುವುದಿಲ್ಲ ಎಂದು ಫೋನಿನಲ್ಲಿ ಹೇಳುತ್ತಿದ್ದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮಾಸ್ತಮ್ಮ ಕುಮಟೆಗೆ ಮೀನು ತಂದವಳೇ ಅಲ್ಲ. ನೆರೆಮನೆಯ ಗಣಪಿಗೆ ಮೊಣಕಾಲು ಊದಿದ್ದರಿಂದ, ಅವಳ ಗಿರಾಕಿಗಳ ಮನೆಗೆ ಇದೊಂದು ದಿನದ ಮಟ್ಟಿಗೆ ಬಂದಿದ್ದಳು.

ಅವನೂ ನೋಡಿದ. ಸೀರೆಯ ನೀರು ಅವನ ಪಾದದ ಮೇಲೆ ಸುರಿಯುತ್ತಿತ್ತು. ಅವಳು 'ಮಗಾ' ಅನ್ನುವಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಸಾಹೇಬರ ಹೆಂಡತಿ ಕಾಣಿಸಿಕೊಂಡರು. ಘಟ್ಟದ ಮೇಲಿನ ಕಡೆಯವರು.

"ಗಣಪಿ ಬರ್ಲಿಲ್ವಾ? ಏನಿದೆ ಇವತ್ತು?"

"ಅವಳಿಗೆ ಕಾಲು ನೋವು ಅಮ್ಮಾ. ಬಂಗಡೆ ಉಂಟು, ನೊಗಲಿ ಉಂಟು."

"ನೊಗಲಿ ಕೊಡು. ಕುಯ್ದು ಕ್ಲೀನ್ ಮಾಡಿ ಕೊಡಬೇಕು ಮತ್ತೆ. ನಮ್ಮ ಈ ಮಹಾರಾಯನಿಗೆ ಬರಲ್ಲ." ಆಕೆ ಭಾಸ್ಕರನ ಕಡೆ ಗದ್ದ ತೋರಿಸಿದರು. "ಕರಾವಳಿ ಹುಡುಗ, ಮೀನಿನಡುಗೆಗೆ ಆಗ್ತಾನೆ ಅಂತ ಮನೆಗೆ ಹಾಕಿಸ್ಕೊಂಡ್ವಿ. ನೋಡಿದ್ರೆ ಮೀನು ಮುಟ್ಟಿಯೇ ಗೊತ್ತಿಲ್ವಂತೆ. ಇವರದ್ದು ಗದ್ದೆ ಮಾಡೋ ಮನೆಯಂತೆ."

ಮಾಸ್ತಮ್ಮ ಮಗನ ಮುಖ ನೋಡಿದಳು. ಅವನು ನೆಲ ನೋಡಿದ. ಹಲ್ಲು ಬೀಳುವ ವಯಸ್ಸಿಗೇ ಅವಳ ಪಕ್ಕ ಕುಕ್ಕುರುಗಾಲಲ್ಲಿ ಕೂತು ಬಂಗಡೆಯ ಕಿವಿರು ಕಿತ್ತವನು. ಈ ಮನೆಯಲ್ಲಿ ಬಟ್ಟೆ ಒಗೆಯುತ್ತಾನೆ, ಪಾತ್ರೆ ತಿಕ್ಕುತ್ತಿರಬೇಕು, ನಾಯಿಯ ಹೇಲನ್ನೂ ಬಳಿಯುತ್ತಿರಬೇಕು. ಇದೊಂದನ್ನು ಮಾತ್ರ ಬರುವುದಿಲ್ಲ ಅಂದಿದ್ದಾನೆ. ತಾಯಿಯ ಕೆಲಸದ ಮೇಲಿನ ನಾಚಿಕೆಯೋ, ಅದನ್ನಾದರೂ ಇವರ ಕೈಗೆ ಕೊಡಬಾರದೆಂಬ ಹಟವೋ, ಅವಳಿಗೆ ತಿಳಿಯಲಿಲ್ಲ.

"ಗದ್ದೆ ಮನೆಯವ್ರಿಗೆ ಎಲ್ಲಿಂದ ಬತ್ತದೆ ಅಮ್ಮಾ?" ಎಂದಳು. "ಪಾತ್ರೆ ಕೊಡಿ. ನಾನೇ ಕೊಯ್ದು ಕೊಡ್ತೆ."

ನಲ್ಲಿಯ ಬುಡದಲ್ಲಿ ಕೂತು ಕೊಯ್ದಳು. ತೊಳೆದು ಪಾತ್ರೆಗೆ ಹಾಕಿಟ್ಟಳು. ಹೊರಡುವಾಗ ಒಳಗಿನಿಂದ ಅಪ್ಪಣೆ ಬಂತು: "ಹೋಗೋ, ಅವಳಿಗೆ ಬುಟ್ಟಿ ಹೊರಿಸಿ ಗೇಟ್ ಹಾಕ್ಕೊಂಡು ಬಾ."

ಗೇಟಿನ ಹತ್ತಿರ ಭಾಸ್ಕರ ಬುಟ್ಟಿಗೆ ಬಗ್ಗಿದ. ಅವಳು ಬುಟ್ಟಿಯ ಅಂಚು ಬಿಡಲಿಲ್ಲ.

"ಎಂತ ಮಗಾ ಇದು?"

"ಮೆಲ್ಲ ಮಾತಾಡು ಅವ್ವಿ."

"ಪೊಲೀಸ್ ಅಂತ ಸೇರಿದ್ದು ಇದಕ್ಕಾ? ಬಿಟ್ಟು ಬಾ. ನಿನ್ನ ಅಪ್ಪನ ದೋಣಿ ಇನ್ನೂ ಮುಳುಗಲಿಲ್ಲ."

"ಬಿಟ್ರೆ ಮತ್ತೆ ಸಿಕ್ತದಾ ನೌಕರಿ? ಸಾಹೇಬ್ರು ಮನಸ್ಸು ಮಾಡಿದ್ರೆ ಗಾರ್ಡ್ ಡ್ಯೂಟಿಗೆ ಹಾಕ್ತ್ರು. ಯೂನಿಫಾರ್ಮ್ ಹಾಕ್ಕೊಬಹುದು. ಆಮೇಲೆ ಹೆಡ್ ಕಾನ್‌ಸ್ಟೇಬಲ್..."

"ಮನಸ್ಸು ಮಾಡದಿದ್ರೆ?"

"ರಿಪೋರ್ಟಿನಲ್ಲಿ ಒಂದು ಕೆಟ್ಟ ಮಾತು ಬರೆದ್ರೆ ಬಡ್ತಿ ಹೋತದೆ. ಇಲ್ಲಿ ಎಲ್ಲ ಅವರ ಕೈಯಲ್ಲೇ." ಅವನು ಬುಟ್ಟಿಯನ್ನು ಎತ್ತಿ ಅವಳ ತಲೆಯ ಸಿಂಬಿಯ ಮೇಲಿಟ್ಟ. ಸೋಪಿನ ವಾಸನೆಯ ಕೈ, ಚರ್ಮ ಬೆಳ್ಳಗೆ ಸುಕ್ಕಾಗಿತ್ತು. "ಕೇರಿಯಲ್ಲಿ ಯಾರಿಗೂ ಹೇಳ್ಬೇಡ ಅವ್ವಿ."

"ನಾನೆಂತ ನೋಡಿದ್ದೆ ಹೇಳೂಕೆ?" ಎಂದು ಮಾಸ್ತಮ್ಮ ರಸ್ತೆಗಿಳಿದಳು.

ಮಂಕಿಯಲ್ಲಿ ಬಸ್ಸಿಳಿದವಳು ಮನೆಗೆ ಹೋಗದೆ ನೇರ ಗಣಪಿಯ ಜಗಲಿಗೆ ಹೋದಳು. "ನಿನ್ನ ಕಾಲು ನೆಟ್ಟಗಾಗೂ ತನಕ ಕುಮಟೆಗೆ ನಾನೇ ಹೋತೆ," ಅಂದಳು. ಗಣಪಿಗೆ ಆಶ್ಚರ್ಯ. "ಬಸ್ಸಿಗೆ ಹತ್ತಿದ್ರೆ ತಲೆ ತಿರುಗ್ತದೆ ಅಂತಿದ್ದೆ, ಎಂತ ಆತು ನಿಂಗೆ?" ಮಾಸ್ತಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ರೂಢಿ ಆತದೆ ಬಿಡು," ಅಂದಳು.

ಮರುವಾರ ಅವಳು ಬಂಗಲೆಯ ಗೇಟಿಗೆ ಬಂದಾಗ ಭಾಸ್ಕರ ಸಾಹೇಬರ ಕಾರು ಒರೆಸುತ್ತಿದ್ದ. ಅವಳನ್ನು ಕಂಡು ಬಟ್ಟೆ ಕೆಳಗಿಟ್ಟ. ಅಡುಗೆಮನೆಯ ಬಾಗಿಲಿಗೆ ಹೋದ.

"ಮೇಡಂ, ಮೀನಿನವರು ಬಂದ್ರು."

ಒಳಗಿನಿಂದ ನಗು ಕೇಳಿಸಿತು. "ಮೀನು ಮಾರೋಳಿಗೂ ಬಂದ್ರು, ಹೋದ್ರು ಅಂತೀಯಲ್ಲೋ! ಸಾಹೇಬರಿಗೇನು ಅನ್ನೋದು ಹಾಗಾದ್ರೆ?"

ಗೇಟಿನಾಚೆ ಮಾಸ್ತಮ್ಮ ತಲೆಯ ಮೇಲಿನ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಭಾಸ್ಕರ ಅವಳ ಕಡೆ ತಿರುಗಲಿಲ್ಲ. ಪರೇಡಿನಲ್ಲಿ ನಿಂತವನ ಹಾಗೆ ಬರಿಗಾಲಿನ ಹಿಮ್ಮಡಿಗಳನ್ನು ಕೂಡಿಸಿ, ಎದೆ ಸೆಟೆಸಿ ಹೇಳಿದ:

"ಮೀನಿನವಳು ಬಂದಳು, ಮೇಡಂ."