ಮೂಲೆಯ ಮೈಕ್ರೋಸ್ಕೋಪು

“ಅಣ್ಣಾ, ಒಂದು ಟೀ ತಂದುಕೊಡ್ತೀರಾ?” ಮೈಕ್ರೋಸ್ಕೋಪಿನಿಂದ ಕಣ್ಣು ಕೀಳದೆಯೇ ಲ್ಯಾಬಿನ ಮೇಡಂ ಕೇಳಿದಾಗ ನೆಲ ಒರೆಸುತ್ತಿದ್ದವನ ಕೈ ನಿಂತುಬಿಟ್ಟಿತು. ಹನ್ನೊಂದು ವರ್ಷದಲ್ಲಿ ಆಕೆ ಟೀ ಮುಟ್ಟಿದ್ದನ್ನು ಅವನು ಕಂಡಿರಲಿಲ್ಲ. ಆಕೆ ನೋಡುತ್ತಿದ್ದದ್ದು ಅವನ ಮಗಳ ರಕ್ತದ ಸ್ಲೈಡು.

ಮಗಳ ಬ್ಲಡ್ ಕ್ಯಾನ್ಸರ್ ವಾಸಿಯಾಗಿ ಎರಡು ವರ್ಷ. ಉದುರಿದ್ದ ಕೂದಲು ಮತ್ತೆ ಜಡೆಗೆ ಸಿಗುವಷ್ಟು ಬೆಳೆದಿತ್ತು. “ಇನ್ನೊಂದು ವರ್ಷ ದಾಟಲಿ, ಗೆದ್ದಂಗೆ,” ಎಂದಿದ್ದರು ಡಾಕ್ಟರು. ಆದರೆ ಯಾರಿಗೆ ಕಾಯಿಲೆ ಮರಳಿದೆ ಎಂಬುದು ಡಾಕ್ಟರಿಗಿಂತ ಮೊದಲು ಗೊತ್ತಾಗುತ್ತಿದ್ದದ್ದು ಇವನಿಗೇ. ಒಳ್ಳೆಯ ಸ್ಲೈಡು ನೇರ ಟ್ರೇಗೆ ಹೋಗುತ್ತದೆ. ಕೆಟ್ಟ ಕಣ ಕಂಡರೆ ಒಬ್ಬರ ಕಣ್ಣು ಸಾಲದು, ಮೂಲೆಯ ಮೈಕ್ರೋಸ್ಕೋಪಿನಲ್ಲಿ ಹಿರಿಯರೊಬ್ಬರು ಮತ್ತೆ ನೋಡಬೇಕು. ಮೂಲೆಗೆ ಹೋದ ಸ್ಲೈಡು ಒಳ್ಳೆ ಸುದ್ದಿ ತಂದದ್ದನ್ನು ಅವನು ಕಂಡಿರಲಿಲ್ಲ.

ಟೀ ತುಳುಕಿಸಿಕೊಂಡು ಓಡಿ ಬಂದ. ಸ್ಲೈಡು ಟ್ರೇಯಲ್ಲಿತ್ತು. ಮೂಲೆಯ ಮೈಕ್ರೋಸ್ಕೋಪು ಎಂದಿನಂತೆ ಮುಸುಕು ಹೊದ್ದು ಕೂತಿತ್ತು. ಹೋದ ಜೀವ ಬಂದಂತಾಯಿತು.

“ನಾಳೆ ಡಾಕ್ಟರು ಹೇಳ್ತಾರೆ ಅಣ್ಣಾ,” ಎಂದಳು ಮೇಡಂ, ಟೀ ಲೋಟವನ್ನು ಪಕ್ಕಕ್ಕೆ ಸರಿಸುತ್ತಾ.

ಅವನು ತಲೆಯಾಡಿಸಿ, ಉಳಿದ ನೆಲ ಒರೆಸುತ್ತಾ ಮೂಲೆಗೆ ಬಂದ. ಮುಸುಕಿನ ಹರಿದ ಅಂಚು ಈಚೆಗಿತ್ತು. ಅದು ಕಾಣಬಾರದೆಂದು ದಿನಾ ಬೆಳಗ್ಗೆ ಗೋಡೆಯ ಕಡೆಗೆ ತಿರುಗಿಸಿ ಹೊದಿಸುತ್ತಿದ್ದವನು ಅವನೇ. ಮೆಲ್ಲಗೆ ಕೈ ಒಳಗೆ ತೂರಿಸಿ ಮೈಕ್ರೋಸ್ಕೋಪಿನ ದೀಪವನ್ನು ಮುಟ್ಟಿದ.

ಇನ್ನೂ ಬಿಸಿಯಾಗಿತ್ತು.