ಬೂದಿ ಗಡಿಗೆಯಲ್ಲಿ ಹೆಪ್ಪು

ಹಾಲಿನ ಲೋಟವನ್ನು ವಾಲಿಸಿ ನೋಡಲು ಚೈತ್ರಶ್ರೀಗೆ ಧೈರ್ಯ ಬರಲಿಲ್ಲ. ಒಳಗಿನ ಹಾಲು ಹೆಪ್ಪುಗಟ್ಟದೆ ಇನ್ನೂ ಅಲುಗಿದರೆ ಎಂಟು ತಿಂಗಳ ಕೆಲಸ ನೀರುಪಾಲು. ಮೊಸರು ಕಟ್ಟುವ ಬ್ಯಾಕ್ಟೀರಿಯಾವನ್ನು ಕಾಲೇಜಿನ ಲ್ಯಾಬಿನಲ್ಲಿ ಐಸಿನಂತೆ ಗಟ್ಟಿ ಮಾಡಿ, ತೇವವನ್ನೆಲ್ಲ ಹೀರಿ ತೆಗೆದು, ಪುಡಿಯಾಗಿಸಿ ಸೀಸೆಗಳಲ್ಲಿ ತುಂಬಿ ತಂದಿದ್ದಳು. ಜಗಳೂರಿನ ಮನೆಯ ಫ್ರಿಜ್ಜಿನಲ್ಲಿ ಅದು ಎಷ್ಟು ದಿನ ಜೀವ ಹಿಡಿದಿರುತ್ತದೆಂದು ನೋಡಬೇಕಿತ್ತು. "ಯಾರೂ ಮುಟ್ಟಬಾರದು" ಎಂದು ಫ್ರಿಜ್ಜಿನ ಬಾಗಿಲಿಗೆ ಚೀಟಿಯನ್ನೂ ಅಂಟಿಸಿ ಹೋಗಿದ್ದಳು. ನಿನ್ನೆ ಊರಿಗೆ ಬಂದು ತೆಗೆದರೆ ಒಳಗೆ ಒಂದು ಸೀಸೆಯೂ ಇರಲಿಲ್ಲ.

ಅವ್ವ ಬೊಮ್ಮಕ್ಕ ಅವನ್ನೆಲ್ಲ ಅವರೆ ಬೀಜದ ಗಡಿಗೆಯಲ್ಲಿಟ್ಟು ಮೇಲೆ ಬೂದಿ ಸುರಿದಿದ್ದಳು.

"ನಾಕು ದಿನ ಕರೆಂಟಿರ್ಲಿಲ್ಲ ಕಣೇ. ಫ್ರಿಜ್ಜೆಲ್ಲ ಬೆವೆತು ನೀರು ಸುರೀತಿತ್ತು. ಪುಡಿಯಾಗೆ ಜೀವ ಐತೆ ಅಂತ ನೀನೇ ಅಂದಿದ್ದೆಲ್ಲ? ಒಣಗಿದ ಜೀವ ಕಾಯಾಕೆ ನಂಗೆ ಗೊತ್ತಿರೋದು ಇದೊಂದೇ."

ಚೈತ್ರಶ್ರೀ ರಾತ್ರಿಯೇ ಕಾಯಿಸಿ ಆರಿಸಿದ ಹಾಲಿಗೆ ಒಂದು ಸೀಸೆಯ ಪುಡಿ ಕದಡಿಟ್ಟು, ಊಟ ಬಿಟ್ಟು ಮಲಗಿದ್ದಳು.

ಈಗ ಬೊಮ್ಮಕ್ಕನೇ ಲೋಟ ಕೈಗೆತ್ತಿಕೊಂಡಳು. "ಬ್ಯಾಡವ್ವಾ!" ಎನ್ನುವಷ್ಟರಲ್ಲಿ ತನ್ನ ಅಂಗೈ ಮೇಲೆ ಅದನ್ನು ಪೂರ್ತಿ ಬೋರಲು ಹಿಡಿದಳು. ಒಂದು ಹನಿಯೂ ಬೀಳಲಿಲ್ಲ. ಗಟ್ಟಿ ಮೊಸರು ಲೋಟವನ್ನು ಕಚ್ಚಿಕೊಂಡು ನಿಂತಿತ್ತು.

ಚೈತ್ರಶ್ರೀಗೆ ನಗು ಬಂತು, ಹಿಂದೆಯೇ ಹಸಿವೂ. ಎದ್ದು ಹೋಗಿ ಫ್ರಿಜ್ಜಿನ ಚೀಟಿಯನ್ನು ಕಿತ್ತು ತಂದು ಗಡಿಗೆಗೆ ಅಂಟಿಸಿದಳು. "ಯಾರೂ ಮುಟ್ಟಬಾರದು" ಎಂಬುದರ ಕೆಳಗೆ ಪೆನ್ನಿನಿಂದ ಸೇರಿಸಿದಳು: "ಅವ್ವನನ್ನು ಬಿಟ್ಟು."