ಹನ್ನೊಂದನೇ ದಿನದ ಸಿನಿಮಾ

ನಮ್ಮೂರಲ್ಲಿ ಯಾರಾದ್ರೂ ತೀರ್ಕೊಂಡ್ರೆ ಹನ್ನೊಂದನೇ ದಿನ ಟಾಕೀಸಲ್ಲಿ ಅವರ ಬದುಕಿನ ಸಿನಿಮಾ ಹಾಕ್ತಾರೆ, ಯಾವಾಗ್ಲೂ ಅಳೋ ಸಿನಿಮಾನೇ. ಕೊಟ್ರೇಶ ಮಾವಂದು ಬುಕ್ ಮಾಡೋ ಕೆಲಸ ನನ್ನ ತಲೆಗೆ ಬಿತ್ತು. ಫೋನಲ್ಲಿ ಫಾರಂ ತುಂಬುವಾಗ ಪಕ್ಕದಲ್ಲಿದ್ದ ನನ್ನ ಕ್ಲಾಸ್‌ಮೇಟ್, ಘಾನಾದ ಕೋಫಿ, "ನಮ್ಮನೇಲಿ ಯಾರಾದ್ರೂ ಹೋದ್ರೆ ಕಾಮಿಡಿನೇ ಹಾಕ್ಸೋದು" ಅಂದ. ನಾನೂ ಅದನ್ನೇ ಒತ್ಬಿಟ್ಟೆ!

ಪರದೆ ಮೇಲೆ ಮಾವ ಪೆಟ್ರೋಲ್ ಬಂಕಲ್ಲಿ ಅತ್ತೇನ ಮರೆತು, ಒಬ್ರೇ ಸ್ಕೂಟರ್ ಹತ್ತಿ ಹೋದ್ರು. ಯಾರೂ ನಗಲಿಲ್ಲ. ಎಲ್ರೂ ಅತ್ತೆ ಮುಖ ನೋಡಿದ್ರು. ಸತ್ತೆ ಅಂದ್ಕೊಂಡೆ.

ಅತ್ತೆ ಕಿಸಕ್ಕನೆ ನಕ್ಕರು. "ಹಿಂಗೆ ಎರಡು ಸಲ ಬಿಟ್ಟೋಗಿದ್ರು ಕಣೇ. ಎರಡು ಸಲಾನೂ ಅರ್ಧ ದಾರೀಲಿ ನೆನಪಾಗಿ ವಾಪಸ್ ಬಂದ್ರು."

ಆಮೇಲೆ ಇಡೀ ಟಾಕೀಸೇ ನಕ್ಕಿತು. ಸಿನಿಮಾ ಮುಗೀತು, ಲೈಟ್ ಹತ್ತಿತು, ಎಲ್ರೂ ಎದ್ರು. ಅತ್ತೆ ಮಾತ್ರ ಏಳಲಿಲ್ಲ.

"ತಡಿಯೇ," ಅಂದ್ರು. "ಬರ್ತಾರೆ."